ಮೇಷ್ಟ್ರು ಬಿಡಿಸದ ಮನೆ

ಹೋದ ತಿಂಗಳು ಹಳೇ ಸ್ಕ್ಯಾನರನ್ನು ಗುಜರಿಗೆ ಹಾಕೋಣವೆಂದು ಮುಚ್ಚಳ ಎತ್ತಿದೆ. ಗಾಜಿನ ಮೂಲೆಯಲ್ಲಿ ಕಪ್ಪು ಇಂಕಿನ ಹೆಬ್ಬೆಟ್ಟಿನ ಗುರುತೊಂದು ಒಣಗಿ ಕೂತಿತ್ತು. ಒದ್ದೆ ಬಟ್ಟೆ ಹಿಡಿದಿದ್ದವಳು ಒರೆಸಲಾಗದೆ ಹಾಗೇ ನಿಂತುಬಿಟ್ಟೆ. ಇಂಕು ಆರುವ ಮೊದಲೇ ಹಾಳೆ ಹಿಡಿದು ಬರುತ್ತಿದ್ದವರು ಒಬ್ಬರೇ... ನಮ್ಮ ಡ್ರಾಯಿಂಗ್ ಮೇಷ್ಟ್ರು.

ಹೈಸ್ಕೂಲಿನಲ್ಲಿ ಅವರು ನನಗೆ ಮೂರು ವರ್ಷ ಪಾಠ ಮಾಡಿದ್ದರು. ನಿವೃತ್ತರಾದ ಮೇಲೆ ಒಂದು ಶನಿವಾರ ಮಧ್ಯಾಹ್ನ, ಸರಗೂರಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಕೋಣೆಗೆ ಬಂದರು. ಕಂಕುಳಲ್ಲಿ ಹಾಳೆಗಳ ಸುರುಳಿ. ಬಿಚ್ಚಿದರೆ ಒಂದೊಂದು ಹಾಳೆಯಲ್ಲಿ ಒಂದೊಂದು ಮನೆ. ಒಂದರ ಹೆಂಚು ಜಾರಿತ್ತು, ಇನ್ನೊಂದರ ಜಗಲಿಯ ಸೂರಿಗೆ ಕುಡುಗೋಲು ಸಿಕ್ಕಿಸಿತ್ತು.

ಅವರು ಹುಟ್ಟಿದ ಊರು ಕಬಿನಿಯ ಹಿನ್ನೀರಿನಲ್ಲಿ ಮುಳುಗಿತ್ತು. ಆಗ ಅವರಿಗೆ ಹತ್ತೋ ಹನ್ನೊಂದೋ ವರ್ಷ. ಬೇಸಿಗೆಯಲ್ಲಿ ನೀರು ಇಳಿದರೂ ಅಲ್ಲಿ ಹೂಳು ಬಿಟ್ಟು ಇನ್ನೇನೂ ಕಾಣುವುದಿಲ್ಲ.

"ಒಂದೊಂದು ಮನೆನೂ ಕಣ್ಣಿಗೆ ಕಟ್ದಂಗದೆ ಕಣಮ್ಮ. ಯಾವ್ದರ ಪಕ್ಕ ಯಾವ್ದಿತ್ತು ಅನ್ನೋದೇ ಮರ್ತೋಗ್ಬುಟ್ಟದೆ. ನಿನ್ ಕಂಪ್ಯೂಟ್ರು ಜೋಡಿಸ್ಕೊಡ್ತದಾ?" ಅಂದರು.

ಕೋಡ್ ಬರೆದು ಅದರಿಂದ ಚಿತ್ರ ಬಿಡಿಸುವ ಹುಚ್ಚು ನನಗಿತ್ತು. ಬಂದದ್ದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಅದನ್ನು ನೋಡಿ ಬಂದಿದ್ದರು.

ಮನೆಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಅವರು ನೆನಪಿದ್ದಷ್ಟು ಹೇಳುತ್ತ ಹೋದರು: ಕುಲುಮೆ ಮನೆ ಕೆರೆಗೆ ದೂರ, ಮಾರಿಗುಡಿಯ ಬೆನ್ನಿಗೆ ಯಾರ ಮನೆಯೂ ಇಲ್ಲ, ಗೌಡರ ಮನೆ ಮುಂದೆ ಮೂರು ದಾರಿ ಸೇರುತ್ತವೆ. ನಾನು ಅವನ್ನೇ ಕಟ್ಟಳೆಗಳಾಗಿ ಕೋಡಿನಲ್ಲಿ ಬರೆದೆ. ಕೀಲಿ ಒತ್ತಿದರೆ ಆ ಕಟ್ಟಳೆಗೆ ಒಪ್ಪುವ ಊರೊಂದು ತೆರೆಯ ಮೇಲೆ ಬರುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಊರು. ಅವರು ಕನ್ನಡಕ ಮೇಲೆತ್ತಿ ನೋಡಿ, "ಇದಲ್ಲ" ಅನ್ನುವರು. ನಾನು ಮತ್ತೆ ಒತ್ತುವೆ.

ಮನೆ ಅವರ ಕೈಯದು, ದಾರಿಗಳು ಕೋಡಿನವು. ಮೊದಲ ಸಲ ಅವನ್ನು ನೋಡಿ ನಕ್ಕುಬಿಟ್ಟರು. "ಏನಮ್ಮ, ಸ್ಕೇಲ್ ಇಟ್ಟು ಗೀಚ್ದಂಗದೆ! ದನ ತುಳ್ದು ಆದ ದಾರಿ ನೆಟ್ಟಗಿರ್ತದಾ?" ಅಲ್ಲೇ ಕೂತು ಒಂದೇ ಹಾಳೆಯ ಮೇಲೆ ಐವತ್ತು ಗೆರೆ ಎಳೆದುಕೊಟ್ಟರು. ಆ ಗೆರೆಗಳು ಎಲ್ಲಿ ಬಾಗುತ್ತವೆ, ಎಲ್ಲಿ ತೆಳುವಾಗುತ್ತವೆ ಎಂದು ಅಳೆದು ಪ್ರೋಗ್ರಾಮಿಗೆ ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು. ಕೊನೆಗೆ ತೆರೆಯ ಮೇಲೆ ಬಂದ ದಾರಿಯನ್ನು ಅವರು ಬೆರಳಿನಿಂದ ಉದ್ದಕ್ಕೂ ಸವರಿದ್ದು ನೆನಪಿದೆ.

ಪ್ರಿಂಟುಗಳನ್ನು ಹಿಡಿದು ಬಸ್ಸು ಹತ್ತುತ್ತಿದ್ದರು. ಊರಿನವರು ಬೇರೆ ಬೇರೆ ಪುನರ್ವಸತಿ ಕಾಲೊನಿಗಳಿಗೆ ಚದುರಿಹೋಗಿದ್ದರು. ವಯಸ್ಸಾದವರನ್ನು ಹುಡುಕಿ, ಕೇಳಿ, ಹೊಸದೊಂದು ಕಟ್ಟಳೆ ತರುತ್ತಿದ್ದರು. ಕಟ್ಟಳೆಗಳಿಗೆ ಒಪ್ಪುವ ಊರುಗಳು ಸಾವಿರವಿದ್ದದ್ದು ನೂರಾದವು, ಹತ್ತಾದವು.

ಒಂದು ಮನೆ ಮಾತ್ರ ಅವರು ಬಿಡಿಸಿರಲಿಲ್ಲ. ಅವರದೇ ಮನೆ. ಕೇಳಿದರೆ, "ಬರೀತೀನಿ ಬುಡು" ಅಂದು ಮಾತು ತಿರುಗಿಸುತ್ತಿದ್ದರು. ಎಲ್ಲ ಚಿತ್ರದಲ್ಲೂ ಅದಕ್ಕೆಂದು ಒಂದು ಜಾಗ ಖಾಲಿ ಬಿಟ್ಟಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡಬೇಕು. ಖುಷಿಪಡಿಸೋಣ ಅಂತ, ಅವರ ಬೇರೆ ಮನೆಗಳ ಗೆರೆಗಳನ್ನೇ ಬೆರೆಸಿ ಕೋಡಿನಿಂದ ಒಂದು ಮನೆ ಹುಟ್ಟಿಸಿದೆ. ಥೇಟ್ ಅವರ ಕೈ. ಹೆಂಚು, ಜಗಲಿ, ಅಂದವಾದ ಬಾಗಿಲು. ಅದನ್ನು ಖಾಲಿ ಜಾಗದಲ್ಲಿ ಕೂರಿಸಿ ತೋರಿಸಿದೆ.

ಅವರು ಕನ್ನಡಕ ಮೇಲೆತ್ತಿ ನೋಡಿದರು.

"ಇದ್ರಲ್ಲಿ ಯಾರೂ ಬಾಳಿಲ್ಲ ಕಣಮ್ಮ" ಅಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಹಾಳೆಗಳನ್ನು ಸುತ್ತಿಕೊಂಡು ಹೊರಟುಹೋದರು.

ನಾಲ್ಕು ಶನಿವಾರ ಬರಲಿಲ್ಲ. ಅವರ ಮನೆ ಗೊತ್ತಿತ್ತು, ಹತ್ತು ನಿಮಿಷದ ದಾರಿ. ನಾಚಿಕೆಯಿಂದ ನಾನು ಹೋಗಲಿಲ್ಲ. ಐದನೆಯ ಶನಿವಾರ ಅವರೇ ಬಂದು, ನಾನು ಬಾಯಿ ತೆರೆಯುವ ಮೊದಲೇ ಮಾತು ಶುರುಮಾಡಿದರು.

"ಊರು ಬುಡೋ ದಿನ ಲಾರಿ ಬಂದಿತ್ತು. ಬಾಗ್ಲು, ತೊಲೆ, ಹೆಂಚು ಎಲ್ಲಾನೂ ಬಿಚ್ಕೊಂಡು ಹೋಗ್ಬೇಕಿತ್ತು. ಅಪ್ಪ ಬಾಗ್ಲು ಕೀಳೋವಾಗ ನಾನೂ ಕೈ ಹಾಕ್ದೆ. ಆಟ ಅನ್ಕೊಂಡಿದ್ದೆ. ಅವ್ವ ಬೀದೀಲಿ ನಿಂತು ನೋಡ್ತಿದ್ಲು... ಆ ಮಳೆಗಾಲದಲ್ಲೇ ಕಾಲೊನೀಲಿ ಜ್ವರ ಬಂದು ಹೋಗ್ಬುಟ್ಲು. ಬಾಗ್ಲಿರೋ ಮನೆ ನನಗೆ ನೆನಪಿಗೇ ಬರಲ್ಲ ಕಣಮ್ಮ. ಪೆನ್ಸಿಲ್ ಇಟ್ರೆ ಆ ತೂತೇ ಕಾಣ್ತದೆ."

ಟೀ ತರಿಸಿದೆ, ಕುಡಿದರು. ಹೋಗುವಾಗ, "ಬಾಗ್ಲಿಲ್ದಂಗೇ ಬರ್ಕೊಂಡು ಬತ್ತೀನಿ" ಅಂದರು.

ಮತ್ತೆ ಬರಲಿಲ್ಲ. ಆ ವಾರವೇ ಬೆಳಿಗ್ಗೆ ಎದೆನೋವು ಬಂತಂತೆ. ಎಚ್.ಡಿ. ಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ...

ಹನ್ನೊಂದನೆಯ ದಿನ ಹೋದಾಗ ಅವರ ಮಗಳು ಹಾಳೆಗಳನ್ನೆಲ್ಲ ನನ್ನ ಕೈಗಿಟ್ಟಳು. ಕೊನೆಯ ಹಾಳೆಯಲ್ಲಿ ಚಿತ್ರವಿರಲಿಲ್ಲ. ಬರೆದು ಬರೆದು ಅಳಿಸಿ ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

ಅಲ್ಲಿ ಮೇಷ್ಟ್ರ ಅಕ್ಕ ಇದ್ದರು. ಊರೂರು ಅಲೆದು ಎಲ್ಲರನ್ನೂ ಕೇಳಿದ ಮೇಷ್ಟ್ರು ಸ್ವಂತ ಅಕ್ಕನನ್ನು ಕೇಳಿರಲಿಲ್ಲ. ಕೇಳಿದರೆ ಆ ಮನೆಯ ಮಾತೂ ಅವ್ವನ ಮಾತೂ ಬರುತ್ತಿತ್ತಲ್ಲ. ನಿಮ್ಮ ಮನೆ ಎಲ್ಲಿತ್ತು ಎಂದು ನಾನು ಮೆಲ್ಲಗೆ ಕೇಳಿದೆ.

"ನಮ್ ಜಗಲಿ ಮ್ಯಾಲೆ ಕುಂತ್ರೆ ಕುಲುಮೆ ಬೆಂಕಿ ನೆಟ್ಟಗೆ ಕಾಣ್ತಿತ್ತು ಮಗಾ. ಮಧ್ಯ ಅಡ್ಡ ಏನೂ ಇರ್ನಿಲ್ಲ" ಅಂದರು.

ಮಾರನೆಯ ದಿನ ಅದನ್ನೂ ಸೇರಿಸಿದೆ. ಎಷ್ಟು ಸಲ ಕೀಲಿ ಒತ್ತಿದರೂ ಬಂದದ್ದು ಒಂದೇ ಊರು. ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಅಕ್ಕನ ಮನೆಗೆ ಹೋದೆ. ಅವರು ಅದನ್ನು ಚಾಪೆಯ ಮೇಲೆ ಹಾಸಿಸಿ, ದಾರಿಯಲ್ಲಿ ಬೆರಳು ನಡೆಸುತ್ತ ಒಂದೊಂದು ಮನೆಯವರ ಹೆಸರನ್ನೂ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಖಾಲಿ ಜಾಗಕ್ಕೆ ಬಂದಾಗ ಅಂಗೈ ಅಗಲಿಸಿ ಅದನ್ನು ಮುಚ್ಚಿ ಕೂತರು.

"ಅವ್ನು ನೋಡುದ್ನಾ ಇದ್ನ?"

"ಇಲ್ಲ ಅಕ್ಕ" ಅಂದೆ.

ಈಗಲೂ ಕೋಡ್ ಬರೆಯುತ್ತೇನೆ, ಚಿತ್ರಗಳು ಬರುತ್ತವೆ. ಅವರಿಗೆ ಹೇಳಬೇಕಿದ್ದ ತಪ್ಪಾಯ್ತು ಅನ್ನುವ ಮಾತು ಮಾತ್ರ ನನ್ನಲ್ಲೇ ಉಳಿದಿದೆ. ಶನಿವಾರ ಮಧ್ಯಾಹ್ನಕ್ಕೆ ಬೇರೊಂದು ಬ್ಯಾಚು ಹಾಕಿಕೊಂಡಿದ್ದೇನೆ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ.