ಮಂಗಫ್‌ನಲ್ಲಿ ನಾನು ಕಲಿಸಿದ ಅರಬಿ

ನಮ್ಮ ಚರ್ಚಿನ ಸಿಸ್ಟರಿಗೆ ಯಾರಾದರೂ ಸುಮ್ಮನೆ ಕೂತಿರುವುದನ್ನು ಕಂಡರೆ ಆಗುವುದಿಲ್ಲ. ಊರಿನಿಂದ ಹೊಸದಾಗಿ ಬಂದ ಹೆಂಗಸರು ಮಾತು ಬಾರದೆ ಕಷ್ಟಪಡುತ್ತಾರೆಂದು ಕುವೈತಿನ ಮಂಗಫ್‌ನ ಒಂದು ಫ್ಲ್ಯಾಟಿನಲ್ಲಿ ಶುಕ್ರವಾರ ಅರಬಿ ಕ್ಲಾಸು ಶುರುಮಾಡಿದರು. ಯಾವ ಧರ್ಮದವರೂ ಬರಬಹುದು. ಕಲಿಸುವವಳು ನಾನು. ಹದಿನಾಲ್ಕು ವರ್ಷ ಪಕ್ಕದ ಫಿಂಟಾಸ್‌ನ ಆಫೀಸೊಂದರಲ್ಲಿದ್ದದ್ದೇ ನನ್ನ ಅರ್ಹತೆ. ಅಷ್ಟು ವರ್ಷದಲ್ಲಿ ನನಗೆ ಸರಿಯಾಗಿ ಬಂದದ್ದು ಹೊರಡಿ ಎನ್ನಲು ‘ಯಲ್ಲಾ’, ಮುಗಿಯಿತು ಎನ್ನಲು ‘ಖಲಾಸ್’, ಈ ಎರಡೇ ಎಂದು ಸಿಸ್ಟರಿಗೆ ಹೇಳುವ ಧೈರ್ಯವಾಗಲಿಲ್ಲ.

ಮೊದಲ ದಿನ ಬೋರ್ಡಿನಲ್ಲಿ ‘ಬಿಂತಿ’ ಎಂದು ಬರೆದು, ಹೊಟ್ಟೆ ಮುಟ್ಟಿ ತೋರಿಸಿದೆ. ಕೆಳಗಿನ ಮನೆಯ ಬ್ಯಾರಿ ಹೆಂಗಸಿಗೆ ಅನುಮಾನ ಬಂತು.

“ಅಕ್ಕ, ಮದ್ರಸದಲ್ಲಿ ಅದಕ್ಕೆ ‘ನನ್ನ ಮಗಳು’ ಅಂತ ಹೇಳಿಕೊಟ್ಟಿದ್ರಲ್ಲ?”

“ಅದು ಪುಸ್ತಕದ ಅರಬಿ ಮಾರಾಯ್ತಿ. ಇದು ಕುವೈತಿನದ್ದು,” ಎಂದೆ.

ಪಾಪ, ಅವಳು ನಂಬಿದಳು.

ಮರುವಾರ ಅವಳಿಗೇ ಹೊಟ್ಟೆನೋವು. ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಸಿಸ್ಟರ್ ನನ್ನನ್ನೇ ಜೊತೆಗೆ ಅಟ್ಟಿದರು. ಕ್ಲಿನಿಕ್ಕಿನಲ್ಲಿ ಅವಳು ಡಾಕ್ಟರ ಮುಂದೆ ಕೂತು, ಮುಖ ಹಿಂಡಿಕೊಂಡು, “ಬಿಂತಿ, ಬಿಂತಿ,” ಎಂದಳು. ಡಾಕ್ಟರು ಅರಬಿಯಲ್ಲಿ ಏನೋ ಕೇಳಿದರು.

“ಎಂತ ಹೇಳ್ತಾರೆ ಅಕ್ಕ?”

“ಎಷ್ಟು ದಿನ ಆಯ್ತು ಅಂತ,” ಎಂದು ನಾನು ಊಹಿಸಿದೆ.

ಅವಳು ಮೂರು ಬೆರಳು ತೋರಿಸಿದಳು. ಡಾಕ್ಟರು ಎದ್ದೇ ನಿಂತರು. ಕಿಟಕಿಯಾಚೆ ಬಿಸಿಲಲ್ಲಿ ನಿಂತ ಕಾರುಗಳತ್ತ ಕೈ ತೋರಿಸಿ ಸೆಕ್ಯುರಿಟಿಯವನನ್ನು ಅಲ್ಲಿಗೆ ಓಡಿಸಿದರು. ನಾವೂ ಗಾಬರಿಯಾಗಿ ಎದ್ದೆವು.

ಅಷ್ಟರಲ್ಲಿ ಬಂದ ನರ್ಸು ಮಲಯಾಳಿ. ಅವಳು ಮಲಯಾಳಂನಲ್ಲಿ ಕೇಳಿದಳು, ಇವಳು ಅದಕ್ಕೆ ಹತ್ತಿರದ ಬ್ಯಾರಿ ಭಾಷೆಯಲ್ಲಿ ಹೇಳಿದಳು. ಎರಡೇ ನಿಮಿಷದಲ್ಲಿ ಎಲ್ಲ ತಿಳಿಯಿತು. ‘ಬಿಂತಿ’ ಎಂದರೆ ಮಗಳೇ; ಡಾಕ್ಟರು ಕೇಳಿದ್ದು ಎಷ್ಟು ಹೆಣ್ಣುಮಕ್ಕಳು ಎಂದು. ಜೊತೆಗೆ ಯಾರೂ ಕಾಣದ್ದರಿಂದ, ಕಾಯಿಲೆ ಬಿದ್ದ ಮೂವರನ್ನು ನಾವು ಕಾರಿನಲ್ಲಿ ಕೂಡಿಹಾಕಿ ಬಂದಿದ್ದೇವೆಂದು ಡಾಕ್ಟರು ತಿಳಿದಿದ್ದರು. ಇವಳಿಗೆ ಇರುವುದು ಊರಿನಲ್ಲಿ ಓದುವ ಒಬ್ಬ ಮಗ. ಹೊಟ್ಟೆಗೆ ‘ಬತ್ನಿ’ ಎನ್ನಬೇಕಂತೆ. ಡಾಕ್ಟರು ನಗುತ್ತ ಮಾತ್ರೆ ಬರೆದರು.

ಟ್ಯಾಕ್ಸಿಯಲ್ಲಿ ಅವಳು ಹೊಟ್ಟೆ ಹಿಡಿದುಕೊಂಡೇ ನಕ್ಕಳು.

“ಇನ್ನು ಕ್ಲಾಸಿಗೆ ಬರುವುದಿಲ್ಲ ಅಲ್ವಾ?” ಎಂದೆ.

“ಬರ್ತೇನೆ ಅಕ್ಕ. ಮನೆಯಲ್ಲಿ ಇಡೀ ದಿನ ನನ್ನ ಹತ್ರ ಮಾತಾಡಲಿಕ್ಕೆ ಯಾರಿದ್ದಾರೆ? ಅರಬಿ ಬೇಕಾದ್ರೆ ನಾನೇ ಕಲಿಸ್ತೇನೆ.”

ಮುಂದಿನ ಶುಕ್ರವಾರದಿಂದ ಅಕ್ಷರ ಅವಳು ಬರೆಸಿದಳು. ನಾನು ಚಹಾ ಮಾಡಿದೆ. ಸಿಸ್ಟರ್ ಒಮ್ಮೆ ಬಂದು ನೋಡಿ, “ತುಂಬ ಸುಧಾರಿಸಿದೆ,” ಎಂದರು. ಕ್ಲಾಸೋ ಚಹಾವೋ ಎಂದು ನಾನು ಕೇಳಲಿಲ್ಲ.