ಮುಟ್ಟಿದ ಸುದ್ದಿ

ಮಸ್ಕತ್ತಿನ ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತಿದ್ದೆ. ಒಬ್ಬ ಅರಬ ಹೆಂಗಸು ಪಕ್ಕದಲ್ಲೇ ಹಾದು ಹೋದಳು. ಅವಳ ಬಟ್ಟೆಯಿಂದ ಲೋಬಾನದ ವಾಸನೆ ಬಂತು. ಈ ಊರಿನಲ್ಲಿ ಅದೇನೂ ಹೊಸದಲ್ಲ. ಲಿಫ್ಟಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ, ಎಲ್ಲೆಲ್ಲೂ ಅದೇ ಹೊಗೆ. ರಜೆ ಮುಗಿಸಿ ಬರುವಾಗಲೆಲ್ಲ ಆ ವಾಸನೆ ಮೂಗಿಗೆ ಬಡಿದರೆ ಮನೆಗೆ ಬಂದೆ ಅನ್ನಿಸಿ ಖುಷಿಯಾಗುತ್ತಿತ್ತು. ಈ ಸಲ ಮಾತ್ರ ಕಣ್ಣ ಮುಂದೆ ಬಂದದ್ದು ಊರು. ಗಂಗಾವತಿಯ ನಮ್ಮ ಓಣಿ, ಗುರುವಾರದ ಸಂಜೆ, ಕೆಂಡದ ಮೇಲೆ ಲೋಬಾನ ಉದುರಿಸುತ್ತಿದ್ದ ಪಕ್ಕದ ಮನೆಯ ಚಾಚಿ...

ಚಾಚಿ ಸೀರೆಗೆ ಫಾಲ್ ಹಚ್ಚಿ, ಕುಪ್ಪಸ ಹೊಲಿದು ಬದುಕಿದವಳು. ಹುಟ್ಟಿದ್ದು ಹುಲಿಹೈದರದಲ್ಲಿ, ಮದುವೆಯಾಗಿ ಬಂದದ್ದು ಗಂಗಾವತಿಗೆ. ಅದರಾಚೆ ಆಕೆ ಕಂಡ ಜಗತ್ತೆಂದರೆ ಕೊಪ್ಪಳದ ದೊಡ್ಡ ದವಾಖಾನೆ. ನನಗೆ ಅಪ್ಪ ಅವ್ವ ಇರಲಿಲ್ಲ. ಇರಕಲ್ಲಗಡ ಬಿಟ್ಟು ಬಂದು, ಆಕೆಯ ಗೋಡೆಗೆ ಅಂಟಿಕೊಂಡ ಒಂದು ಖೋಲಿ ಹಿಡಿದು, ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೆ. ಮಸ್ಕತ್ತಿನಲ್ಲಿ ಅದೇ ಕೆಲಸ ಸಿಕ್ಕಿತೆಂದು ಹೇಳಿದಾಗ ಚಾಚಿ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ರಕ್ತ ಹೀರಾಕ ಅಷ್ಟು ದೂರ ಯಾಕ ಹೋಗ್ತಿ ಯವ್ವಾ? ಗಂಗಾವತ್ಯಾಗ ಸೊಳ್ಳಿ ಕಮ್ಮಿ ಅದಾವೇನು?"

ಹೀಗೆ ಅಂದವಳೇ ಹೊರಡುವ ದಿನ ನನ್ನ ಬಲತೋಳಿಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟಿದಳು. ಯಾವುದೋ ಕುಪ್ಪಸ ಹೊಲಿದು ಉಳಿದ ತುಂಡು. ಅದರೊಳಗೆ ಒಂದು ನಾಣ್ಯ ಇಟ್ಟು ಹೊಲಿದಿದ್ದಳು. ಅದಕ್ಕೆ ಇಮಾಮ್ ಜಾಮಿನ್ ಅನ್ನುತ್ತಾರೆ, ದೂರ ಹೋಗುವವರಿಗೆ ಕಟ್ಟುತ್ತಾರೆ, ಕಾಯುತ್ತದೆ ಎಂದಳು. ನಾನು ತಲೆಯಾಡಿಸಿದೆ. ನಮ್ಮ ಕಡೆಯ ತಾಯತದಂತೆ ಇದೂ ಒಂದು ಎಂದುಕೊಂಡು, ಮಸ್ಕತ್ತಿಗೆ ಬಂದ ಮೇಲೂ ಬಿಚ್ಚಲಿಲ್ಲ. ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟು, ಬಂದು ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ನಾಲ್ಕು ತಿಂಗಳು ಹಾಗೇ ನಡೆಯಿತು. ಫೋನಿನಲ್ಲಿ ಅದು ಇದು ಮಾತಾಡುತ್ತಾ, ಚಾಚಿ ಖುಷಿಪಡಲಿ ಎಂದು, "ನೀ ಕಟ್ಟಿದ್ದು ಇನ್ನಾ ತೋಳಿನಾಗ ಐತಿ ಚಾಚಿ" ಅಂದೆ.

ಆ ಕಡೆಯಿಂದ ಶುರುವಾಯಿತು ನೋಡಿ.

"ಯಾ ಅಲ್ಲಾ! ಮುಟ್ಟಿದ ಕೂಡಲೇ ಬಿಚ್ಚಿ ಆ ರೊಕ್ಕ ಯಾರಾದ್ರೂ ಬಡವರ ಕೈಯಾಗ ಇಡಬೇಕಲೇ ಹುಡುಗಿ! ಅಲ್ಲಿತನಕ ನೀ ದಾರ್ಯಾಗ ಇದ್ದಂಗ. ನಾಕು ತಿಂಗಳಾತು, ದಿನಾ ಸಂಜಿಕ ನಿನ್ನ ಸಲುವಾಗಿ ಎರಡು ರಕಾತ್ ಹೆಚ್ಚಿಗಿ ನಮಾಜ್ ಮಾಡಾಕತ್ತೀನಿ ನಾ. ನನ್ನ ಮೊಣಕಾಲು ಏನಾಗಬೇಕು?"

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮುಟ್ಟಿದ ಸುದ್ದಿ ಬರುವ ತನಕ, ಅಂದರೆ ನಾಣ್ಯ ಕೊಟ್ಟೆ ಎಂದು ಕೇಳುವ ತನಕ, ನಮಾಜ್ ಮಾಡಬೇಕೆಂದು ಯಾರು ಹೇಳಿದ್ದರೋ ಗೊತ್ತಿಲ್ಲ, ಅದು ಆಕೆಯದೇ ಕಟ್ಟಳೆ. ನನಗಾಗಿ ಒಬ್ಬರು ನಾಲ್ಕು ತಿಂಗಳು ಮೊಣಕಾಲು ಸವೆಸಿದ್ದರು ಎಂಬುದು ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ಮನಸ್ಸಿಗೆ ಇಳಿಯಿತು. ಆಗ ನಗು ಬರಲಿಲ್ಲ.

ಅಲ್ಲಿಂದ ಮುಂದೆ ರಜೆ ಮುಗಿಸಿ ಹೊರಡುವಾಗಲೆಲ್ಲ ಚಾಚಿ ಕಟ್ಟಿ ಕಳಿಸುತ್ತಿದ್ದಳು, ನಾನು ಬಂದಿಳಿದ ದಿನವೇ ನಾಣ್ಯ ಕೊಡುತ್ತಿದ್ದೆ. ನಮ್ಮ ನಾಣ್ಯ ಇಲ್ಲಿ ನಡೆಯುವುದಿಲ್ಲ, ಆದ್ದರಿಂದ ನಮ್ಮ ದೇಶದ ಕೂಲಿಯವರನ್ನೇ ಹುಡುಕಿ, ಇಲ್ಲಿಯದೂ ಸ್ವಲ್ಪ ಸೇರಿಸಿ ಕೊಡಬೇಕು. ಕೊಟ್ಟ ಕೂಡಲೇ ಫೋನು. ಚಾಚಿಗೆ ಕೊಟ್ಟೆ ಅಂದರೆ ಸಾಲದು. ಯಾರಿಗೆ ಕೊಟ್ಟಿ, ಉಂಡಾನೋ ಇಲ್ಲೋ, ಬರೋ ದಾರ್ಯಾಗ ಛಲೋದು ಏನು ಕಂಡಿ... ಆಕೆಗೆ ಹೇಳಲೆಂದೇ ನಾನು ಕಣ್ಣು ಬಿಟ್ಟು ನೋಡುವುದನ್ನು ಕಲಿತೆ. ಮನೆಗಳ ಗೋಡೆಗೆ ಹೊರಗಿನಿಂದ ತಣ್ಣೀರಿನ ನಲ್ಲಿ ಇಟ್ಟಿರುತ್ತಾರೆ, ದಾರಿಹೋಕರು ಯಾರು ಬೇಕಾದರೂ ಕುಡಿಯಬಹುದು. ನಾನು ರಸ್ತೆಯ ಅಂಚಿನಲ್ಲಿ ಕಾಲಿಟ್ಟರೆ ಸಾಕು, ಅಷ್ಟು ದೊಡ್ಡ ಕಾರುಗಳು ನಿಂತುಬಿಡುತ್ತವೆ. ರಕ್ತ ಕೊಡಲು ಬಂದ ಮುದುಕ ಕಿಸೆಯಿಂದ ಖರ್ಜೂರ ತೆಗೆದು ಮೊದಲು ನನ್ನ ಕೈಗೆ ಕೊಟ್ಟ. ಇವನ್ನೆಲ್ಲ ಹೇಳಿದರೆ ಚಾಚಿ, "ಸುಭಾನಲ್ಲಾ, ನೀರಿಗಿ ಕೀಲಿ ಹಾಕಂಗಿಲ್ಲೇನು?" ಎಂದು ಬೆರಗಾಗುತ್ತಿದ್ದಳು. ಈ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಫೋನುಗಳಿಂದಲೇ ಇರಬೇಕು.

ಹಿಂದಿನ ಸಲ ಬಂದ ದಿನವೇ ಕ್ಲಿನಿಕ್ಕಿನಲ್ಲಿ ಜನವಿಲ್ಲವೆಂದು ಕೆಲಸಕ್ಕೆ ಕರೆದರು. ಪಟ್ಟಿ ಬಿಚ್ಚಿ ನಾಣ್ಯವನ್ನು ಪರ್ಸಿನಲ್ಲಿ ಹಾಕಿದೆ, ನಾಳೆ ಕೊಟ್ಟರಾಯಿತು ಎಂದುಕೊಂಡೆ. ಕೊಡದೆ ಫೋನು ಮಾಡಲು ಮುಖವಿರಲಿಲ್ಲ. ನಾಳೆ ಹೋಯಿತು, ನಾಡಿದ್ದೂ ಹೋಯಿತು. ಮೂರನೆಯ ದಿನ ಚಾಚಿಯ ಸೊಸೆ ಫೋನು ಮಾಡಿದಳು. ಎದೆನೋವು ಅಂದ ಚಾಚಿ ಜೀವಂತ ದವಾಖಾನೆ ಮುಟ್ಟಲಿಲ್ಲವಂತೆ.

ಆಮೇಲೆ ಆ ನಾಣ್ಯ ಕೊಡಲು ನನಗೆ ಕೈ ಬರಲಿಲ್ಲ. ಒಂದೂವರೆ ವರ್ಷ ಪರ್ಸಿನಲ್ಲೇ ಇತ್ತು. ಸುಳ್ಳು ಯಾಕೆ, ಅದು ನನ್ನ ಹತ್ತಿರ ಇರುವ ತನಕ ಆಕೆ ನನಗಾಗಿ ದುವಾ ಮಾಡುತ್ತಲೇ ಇರುತ್ತಾಳೆ ಎಂಬ ಆಸೆ.

ಈ ರಜೆಯಲ್ಲಿ ಗಂಗಾವತಿಗೆ ಹೋದಾಗ ಸೊಸೆ ಚಹಾ ಕೊಟ್ಟು ಎದುರಿಗೆ ಕುಳಿತಳು. ಹೊಲಿಗೆ ಮಿಷನ್ನಿನ ಮೇಲೆ ಒಗೆದ ಬಟ್ಟೆಗಳ ರಾಶಿ ಇತ್ತು.

"ಅತ್ತಿ ಆವತ್ತೂ ನಮಾಜಿನ ಚಾಪಿ ಮ್ಯಾಲೇ ಇದ್ರಕ್ಕಾ. ಮೈಯಾಗ ಆರಾಮಿಲ್ಲ, ಇವತ್ತೊಂದು ದಿನ ಬಿಡ್ರಿ ಅಂದೆ. 'ಹುಡುಗಿ ಇನ್ನಾ ಮುಟ್ಟಿಲ್ಲ, ಹೆಂಗ ಬಿಡ್ಲಿ' ಅಂದ್ರು."

ನಾನು ಚಹಾ ಕುಡಿಯಲಿಲ್ಲ. ಸೊಸೆ ಅದನ್ನು ಬೈಗುಳವಾಗಿ ಹೇಳಿರಲಿಲ್ಲ, ನೆನಪಾಯಿತೆಂದು ಹೇಳಿದ್ದಳು ಅಷ್ಟೆ. ಆದರೂ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಮೂರು ದಿನದ ನನ್ನ ಸೋಮಾರಿತನಕ್ಕೆ ಆಕೆ ನೋವು ತಿನ್ನುತ್ತ ಬಾಗಿ ಎದ್ದಿದ್ದಳು. ಸತ್ತ ಮೇಲೂ ಆಕೆಯನ್ನು ಆ ಚಾಪೆಯ ಮೇಲೇ ಕೂರಿಸಿಟ್ಟಿದ್ದೆ ನಾನು. ಈ ಸಲ ಹೊರಡುವಾಗ ತೋಳಿಗೆ ಏನೂ ಕಟ್ಟುವವರಿರಲಿಲ್ಲ. ಹೈದರಾಬಾದಿನ ಬಸ್ಸಿನಲ್ಲಿ ಕುಳಿತು ನಾಲ್ಕಾರು ಸಲ ಬಲತೋಳು ಮುಟ್ಟಿಕೊಂಡೆ.

ನಿಲ್ದಾಣದ ಹೊರಗೆ ನಡುವಯಸ್ಸಿನವನೊಬ್ಬ ಟ್ರಾಲಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಜಗಳವಾಡುತ್ತಿದ್ದ. ಗಂಗಾವತಿಯವಳಿಗೆ ತೆಲುಗು ಯಾರೂ ಕಲಿಸಬೇಕಿಲ್ಲ. ಮಾತು ಮುಗಿಯುವ ತನಕ ನಿಂತು, ಪರ್ಸಿನಿಂದ ಆ ನಾಣ್ಯ ತೆಗೆದು, ಇಲ್ಲಿಯ ಒಂದು ನೋಟಿನ ಜೊತೆ ಕೊಟ್ಟೆ. ಅವನು ನೋಟಿಗಿಂತ ನಾಣ್ಯವನ್ನೇ ಹೆಚ್ಚು ಹೊತ್ತು ನೋಡಿದ. ಯಾರ ಹೆಸರಿನಲ್ಲಿ ಎಂದು ಕೇಳಿದ. ನಮ್ಮ ಚಾಚಿಯದು, ಊರಿನಲ್ಲಿ ಕಟ್ಟಿ ಕಳಿಸಿದ್ದಳು ಅಂದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡ.

"ಬಂದು ಮುಟ್ಟಿದ್ದು ಆಕೆಗೆ ಹೇಳಿದಿರಾ ಅಮ್ಮಾ? ಕಾಯುತ್ತಿರುತ್ತಾರೆ" ಅಂದ, ತನ್ನ ತೆಲುಗಿನಲ್ಲಿ.

ಹೇಳುತ್ತೇನೆ ಅಂದೆ. ಅವನು ಟ್ರಾಲಿಗಳ ಸಾಲನ್ನು ನೂಕಿಕೊಂಡು ಹೋದ. ಗಂಗಾವತಿಯಲ್ಲಿ ಆಗ ಸಂಜೆಯ ನಮಾಜಿನ ಹೊತ್ತು. ನಾನು ಬಂದು ಮುಟ್ಟಿದ್ದೆ. ಇನ್ನು ನನಗಾಗಿ ಅಲ್ಲಿ ಯಾರೂ ಚಾಪೆ ಹಾಸುವುದಿಲ್ಲ.