ಗುಡುಗಿಗೆ ಕಿತ್ತ ಪ್ಲಗ್

ಪ್ರವಾಸಿ ಹಡಗಿನ ನಮ್ಮ ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ ಪಾಯಿಂಟ್. ಮೂಡಿಗೆರೆಯಿಂದ ಹೊತ್ತು ತಂದಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಹತ್ತುವಾಗಲೇ ಸೆಕ್ಯುರಿಟಿಯವರು ತೆಗೆದಿಟ್ಟುಕೊಂಡಿದ್ದರು. ನಮ್ಮ ಚಾರ್ಜರಿನ ಪಿನ್ ಇಲ್ಲಿಯ ತೂತಿಗೆ ಹೋಗುವುದಿಲ್ಲ. ರಿಸೆಪ್ಷನ್ನಿನಲ್ಲಿ ಕಾಡಿ ಬೇಡಿ ಒಂದು ಅಡಾಪ್ಟರ್ ತಂದೆ.

ನನ್ನ ಹೆಂಡತಿ ಸರಳಾಳ ತಂಗಿ ಸಂಸೆಯಲ್ಲಿದ್ದಾಳೆ. ಅಲ್ಲಿ ಅವಳದೂ ನಮ್ಮದೂ ತೋಟ ಅಕ್ಕಪಕ್ಕ. ಹೂಮಳೆ ಬಂತೇ ಎಂದು ಅವಳನ್ನು ಕೇಳಬೇಕಿತ್ತು. ಈ ವಾರ ಮಳೆಯಾಗದಿದ್ದರೆ ಕಾಫಿ ಮೊಗ್ಗು ಗಿಡದಲ್ಲೇ ಒಣಗುತ್ತದೆ.

ಸತ್ತಿದ್ದ ಫೋನಿಗೆ ಮೂರು ಪರ್ಸೆಂಟ್ ಜೀವ ಬಂದಿತ್ತಷ್ಟೆ, ಸಮುದ್ರದ ಮೇಲೆಲ್ಲೋ ಗುಡುಗಿತು. ಸರಳಾ ಎದ್ದವಳೇ ಪ್ಲಗ್ ಕಿತ್ತಳು.

“ಇದು ಹಡಗು ಮಾರಾಯ್ತಿ, ಇಲ್ಲಿ ಏನೂ ಸುಡಲ್ಲ,” ಎಂದೆ.

“ಹೋದ್ವರ್ಷ ಟೀವಿ ಸುಟ್ಟಾಗ್ಲೂ ನೀವು ಹೀಗೇ ಅಂದಿದ್ರಿ.”

ಇದ್ದ ಮೂರು ಪರ್ಸೆಂಟಿನಲ್ಲೇ ಸಂಸೆಗೆ ಕರೆ ಮಾಡಿದೆವು. ಬಹಳ ಹೊತ್ತು ರಿಂಗಾದ ಮೇಲೆ ತಂಗಿ ಏದುಸಿರು ಬಿಡುತ್ತ ಎತ್ತಿದಳು.

“ತಡ ಆಯ್ತು ಅಕ್ಕ, ಮನೇಲಿರೋ ಪ್ಲಗ್ಗೆಲ್ಲ ಕಿತ್ತು ಬಂದೆ.”

ಅಷ್ಟರಲ್ಲಿ ಫೋನ್ ಆರಿಹೋಯಿತು. ಸರಳಾ ನಗುತ್ತ ಚಪ್ಪಲಿ ಮೆಟ್ಟಿದಳು.

“ನಡೀರಿ ಊಟಕ್ಕೆ. ನಾವು ಊರು ಮುಟ್ಟೋಷ್ಟರಲ್ಲಿ ಕಾಫಿ ಹೂವಾಗಿರತ್ತೆ.”